ವೆಂಟಿಲೇಟರ್ ಮೇಲಿರುವವರಿಗೆ ಮುಂಜಾಗ್ರತೆಯ ಆ್ಯಂಟಿಬಯೋಟಿಕ್: ಯಾರಿಗೆ, ಯಾವಾಗ, ಎಷ್ಟು ದಿನ?

ಈ ಮಳೆಗಾಲದಲ್ಲಿ ಶಿರಸಿಯ ಒಂದು ಸಭೆಯಲ್ಲಿ ಆಡಿದ ಮಾತುಗಳನ್ನು ಬರಹಕ್ಕೆ ಇಳಿಸಿದ್ದೇನೆ. ಅಲ್ಲಿ ಬೆಳೆಗಾರರು, ಶಿಕ್ಷಕರು, ಆಶಾ ಕಾರ್ಯಕರ್ತೆಯರು ಇದ್ದರು, ನಾಲ್ಕಾರು ಮಂದಿ ವೈದ್ಯರೂ ಇದ್ದರು. ಬರೆಯುವಾಗ ಅಂಕಿಅಂಶಗಳನ್ನು ಸ್ವಲ್ಪ ಹೆಚ್ಚು ಸೇರಿಸಿದ್ದೇನೆ. ಕೊನೆಯಲ್ಲಿ ಸಭಿಕರ ಕೆಲವು ಪ್ರಶ್ನೆಗಳಿವೆ.

ಎಲ್ಲರಿಗೂ ನಮಸ್ಕಾರ.

ಐಸಿಯು ಬಾಗಿಲ ಹೊರಗೆ ಕಾದು ಕುಳಿತ ಮನೆಯವರು ಮತ್ತೆ ಮತ್ತೆ ಕೇಳುವ ಒಂದು ಮಾತಿದೆ. "ಡಾಕ್ಟ್ರೇ, ಇನ್‌ಫೆಕ್ಷನ್ ಆಗ್ದೇ ಇದ್ದಂಗೆ ಮೊದಲೇ ಒಂದು ಒಳ್ಳೆ ಪವರಿನ ಇಂಜೆಕ್ಷನ್ ಕೊಟ್ಬಿಡಿ. ಖರ್ಚಿನ ಚಿಂತೆ ಮಾಡ್ಬೇಡಿ." ಪ್ರೀತಿಯಿಂದ, ಹೆದರಿಕೆಯಿಂದ ಬರುವ ಮಾತು ಅದು. ಹುಚ್ಚು ಪ್ರಶ್ನೆಯಂತೂ ಅಲ್ಲ. ತೀವ್ರನಿಗಾ ತಜ್ಞರು ನಲವತ್ತು ವರ್ಷಗಳಿಂದ ಇದನ್ನೇ ಹಿಡಿದುಕೊಂಡು ಸಾವಿರಾರು ರೋಗಿಗಳನ್ನು ಅಧ್ಯಯನ ಮಾಡುತ್ತ ಬಂದಿದ್ದಾರೆ. ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಯುವ ಉತ್ತರ ಇದಕ್ಕೆ ಸಿಕ್ಕಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕೆಲವೇ ರೋಗಿಗಳಿಗೆ, ಸರಿಯಾದ ಗಳಿಗೆಯಲ್ಲಿ, ಒಂದೆರಡು ಡೋಸ್ ಮುಂಜಾಗ್ರತೆಯ ಆ್ಯಂಟಿಬಯೋಟಿಕ್ ನಿಜವಾಗಿ ಉಪಕಾರ ಮಾಡುತ್ತದೆ. ಆದರೆ ವೆಂಟಿಲೇಟರ್ ಮೇಲಿದ್ದಾರೆ ಎನ್ನುವ ಒಂದೇ ಕಾರಣಕ್ಕೆ ಎಲ್ಲರಿಗೂ ದಿನಗಟ್ಟಲೆ ಕೊಡುತ್ತ ಹೋದರೆ ಉಪಕಾರವಿಲ್ಲ. ನಮ್ಮ ದೇಶದ ಇವತ್ತಿನ ಸ್ಥಿತಿಯಲ್ಲಿ ಅದು ಅಪಾಯವೇ. ಹಾಗಾಗಿ ಮುಂಜಾಗ್ರತೆಗೆಂದು ಔಷಧ ಶುರು ಮಾಡುವ ವೈದ್ಯರು ಅದೇ ಹೊತ್ತಿಗೆ ನಿಲ್ಲಿಸುವ ಸಮಯವನ್ನೂ ಕೇಸ್ ಶೀಟಿನಲ್ಲಿ ಬರೆಯಬೇಕು. ಇವತ್ತು ನಾನು ಹೇಳಬೇಕಾದ್ದು ಮುಖ್ಯವಾಗಿ ಇಷ್ಟೇ. ಉಳಿದದ್ದು, ಯಾಕೆ ಹಾಗೆ ಎನ್ನುವುದು.

ನಮ್ಮ ಜಿಲ್ಲೆಯಿಂದ ವೆಂಟಿಲೇಟರ್‌ವರೆಗೆ ಬರುವವರು ಯಾರು? ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಹುಡುಗರು. ಇಲಿಜ್ವರ ವಿಪರೀತಕ್ಕೆ ಹೋಗಿ ಶ್ವಾಸಕೋಶದಲ್ಲಿ ರಕ್ತ ಒಸರಿದ ಗದ್ದೆ ಕೆಲಸದವರು. ಕೀಟನಾಶಕ ಕುಡಿದವರು. ಪಾರ್ಶ್ವವಾಯು ಹೊಡೆದ ಹಿರಿಯರು. ಮತ್ತೆ, ಮಳೆಗಾಲದ ರಾತ್ರಿ ನೆಲದ ಮೇಲೆ ಮಲಗಿದ್ದಾಗ ಕಟ್ಟು ಹಾವು ಕಚ್ಚಿದವರು. ಈ ಕೊನೆಯವರ ಬಗ್ಗೆ ಸ್ವಲ್ಪ ನಿಂತು ಮಾತನಾಡಬೇಕು.

ಕಟ್ಟು ಹಾವಿನ ವಿಷ ಶ್ವಾಸಕೋಶವನ್ನು ಮುಟ್ಟುವುದಿಲ್ಲ. ನರ ಸ್ನಾಯುವಿಗೆ ಅಪ್ಪಣೆ ಕೊಡುವ ಜಾಗದಲ್ಲಿ ಅದು ಕೆಲಸ ಕೆಡಿಸುತ್ತದೆ. ಮೊದಲು ರೆಪ್ಪೆ ಇಳಿಬೀಳುತ್ತದೆ, ನುಂಗಲಾಗುವುದಿಲ್ಲ, ಆಮೇಲೆ ಎದೆ ಏಳುವುದಿಲ್ಲ. ಒಮ್ಮೆ ನರದ ತುದಿ ಕೆಟ್ಟಿತೆಂದರೆ ಪ್ರತಿವಿಷ ಕೊಟ್ಟರೂ ಅದು ತಕ್ಷಣ ಸರಿಹೋಗುವುದಿಲ್ಲ. ಹೊಸದಾಗಿ ಕೂಡಿಕೊಳ್ಳಲು ದಿನಗಳು, ಕೆಲವೊಮ್ಮೆ ವಾರಗಳು ಬೇಕು. ಅಷ್ಟು ಕಾಲ ಯಂತ್ರ ಉಸಿರು ಕೊಟ್ಟರೆ ಆ ಮನುಷ್ಯ ಎದ್ದು ನಡೆದು ಮನೆಗೆ ಹೋಗುತ್ತಾನೆ. ಅವನ ಹೃದಯ ಗಟ್ಟಿ, ಮಿದುಳು ಸ್ವಚ್ಛ, ಶ್ವಾಸಕೋಶ ಆರೋಗ್ಯವಾಗಿದೆ. ಅಂಥವನನ್ನು ನಾವು ಕಳೆದುಕೊಂಡರೆ ಹಲವು ಸಲ ಅದು ವಿಷದಿಂದಲ್ಲ, ವೆಂಟಿಲೇಟರ್ ಮೇಲಿದ್ದಾಗ ಬಂದ ನ್ಯುಮೋನಿಯಾದಿಂದ. ಬದುಕಿಸಲು ಹಾಕಿದ ನಳಿಕೆಯ ದಾರಿಯಲ್ಲೇ ಅದು ಬಂದಿರುತ್ತದೆ. ಈ ಪ್ರಶ್ನೆ ನನಗೆ ಬರೀ ಪುಸ್ತಕದ ಪ್ರಶ್ನೆಯಾಗಿ ಉಳಿಯದಿರಲು ಇದೇ ಕಾರಣ.

ಆ ನ್ಯುಮೋನಿಯಾ ಹೇಗೆ ಬರುತ್ತದೆ? ವೆಂಟಿಲೇಟರ್ ಯಂತ್ರದ ಗಾಳಿಯಲ್ಲಿ ರೋಗಾಣು ಬರುತ್ತದೆ ಎಂದು ತುಂಬ ಜನ ತಿಳಿದಿದ್ದಾರೆ. ಸಾಮಾನ್ಯವಾಗಿ ಹಾಗಲ್ಲ. ಅದು ಬರುವುದು ರೋಗಿಯ ಬಾಯಿಂದಲೇ. ಪ್ರಜ್ಞೆ ಇರುವ ಮನುಷ್ಯ ಎಂಜಲು ಶ್ವಾಸನಾಳಕ್ಕೆ ಇಳಿದರೆ ಕೆಮ್ಮಿ ಹೊರಹಾಕುತ್ತಾನೆ. ನಿದ್ರೆಯ ಔಷಧ ಕೊಟ್ಟು ಗಂಟಲಿಗೆ ನಳಿಕೆ ಇಳಿಸಿದ ಮೇಲೆ ಕೆಮ್ಮು ಇಲ್ಲ. ನಳಿಕೆಯ ತುದಿಯ ಬಳಿ ಒಂದು ಚಿಕ್ಕ ಗಾಳಿಚೀಲ ಇರುತ್ತದೆ, ಅದಕ್ಕೆ ಕಫ್ ಎನ್ನುತ್ತೇವೆ. ಎಂಜಲು, ಕಫ, ಹೊಟ್ಟೆಯಿಂದ ಮೇಲೆ ಬಂದದ್ದು ಎಲ್ಲ ಅದರ ಮೇಲೆ ನಿಂತು, ಸಂದಿಯಲ್ಲಿ ಹನಿಹನಿಯಾಗಿ ಕೆಳಗಿಳಿಯುತ್ತದೆ. ಇನ್ನೊಂದು ಬದಲಾವಣೆಯೂ ಆಗುತ್ತಿರುತ್ತದೆ. ಆರೋಗ್ಯವಂತನ ಬಾಯಲ್ಲಿರುವ ಬ್ಯಾಕ್ಟೀರಿಯಾಗಳೇ ಬೇರೆ. ಐಸಿಯುನಲ್ಲಿ ಕೆಲವು ದಿನ ಕಳೆದವನ ಬಾಯಲ್ಲಿ ಕ್ಲೆಬ್ಸಿಯೆಲ್ಲ, ಸ್ಯೂಡೊಮೊನಾಸ್, ಅಸಿನೆಟೊಬ್ಯಾಕ್ಟರ್ ಬಂದು ನೆಲೆಯೂರುತ್ತವೆ. ಆದ್ದರಿಂದ ಮೊದಲ ನಾಲ್ಕು ದಿನಗಳಲ್ಲಿ ಬರುವ ನ್ಯುಮೋನಿಯಾ ಒಂದು ತರಹ, ಆಮೇಲೆ ಬರುವುದು ಇನ್ನೊಂದು ತರಹ. ಮೊದಲನೆಯದನ್ನು ತರುವುದು ಹೆಚ್ಚಾಗಿ ಮನೆಯಿಂದ ತಂದ ರೋಗಾಣುಗಳು, ಸಾಧಾರಣ ಔಷಧಕ್ಕೂ ಬಗ್ಗುವಂಥವು. ಎರಡನೆಯದು ಆಸ್ಪತ್ರೆಯ ರೋಗಾಣುಗಳದ್ದು. ಈ ವ್ಯತ್ಯಾಸವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಯಂತ್ರದ ಉಸಿರಿನ ಚರಿತ್ರೆ ಅಂಥ ಹಳೆಯದೇನಲ್ಲ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿದಾಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರು ರೋಗಿಗಳ ಕುತ್ತಿಗೆಯಲ್ಲಿ ರಂಧ್ರ ಮಾಡಿ, ನಳಿಕೆ ಇಟ್ಟು, ರಬ್ಬರ್ ಚೀಲವನ್ನು ಕೈಯಿಂದ ಹಿಂಡಿ ಉಸಿರಾಡಿಸಿದರು. ಹಗಲು ರಾತ್ರಿ ಪಾಳಿಯಲ್ಲಿ ಚೀಲ ಹಿಂಡಿದವರು ವೈದ್ಯಕೀಯ ವಿದ್ಯಾರ್ಥಿಗಳು. ಇವತ್ತಿನ ಐಸಿಯು ಹುಟ್ಟಿದ್ದು ಆ ಕೈಗಳಿಂದ. ಇದು ವಿಷಯಕ್ಕೆ ನೇರ ಸಂಬಂಧಿಸಿದ್ದಲ್ಲ, ಆದರೂ ಶಿಕ್ಷಕರು, ವೈದ್ಯರು ಇರುವ ಸಭೆಯಲ್ಲಿ ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ.

ಈಗ ನಮ್ಮ ಕಡೆಯ ಅಡಿಕೆ ಬೆಳೆಗಾರರೊಬ್ಬರು ಹೂಡಿದ ವಾದಕ್ಕೆ ಬರುತ್ತೇನೆ. (ಮಳೆಗಾಲದಲ್ಲಿ ಅಡಿಕೆಗೆ ಬರುವ ಕೊಳೆರೋಗಕ್ಕೆ ಸಿಂಪಡಿಸುವ ತಾಮ್ರದ ದ್ರಾವಣವೇ ಬೋರ್ಡೋ.) ಅವರು ಕೇಳಿದ್ದು ಹೀಗೆ: "ಕೊಳೆ ಬಂದ ಮೇಲೆ ಔಷಧಿ ಹೊಡೆದು ಏನು ಪ್ರಯೋಜನ? ಮಳೆ ಹಿಡಿಯುವ ಮೊದಲೇ ಬೋರ್ಡೋ ಹೊಡೆಯುತ್ತೇವೆ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಮನುಷ್ಯರ ವಿಷಯದಲ್ಲಿ ಮಾತ್ರ ಯಾಕೆ ರೋಗ ಬರಲಿ ಎಂದು ಕಾಯುತ್ತೀರಿ?"

ಇದಕ್ಕೆ ನಾನು ಕೊಟ್ಟ ಉತ್ತರ ಅರ್ಧ ಹೌದು, ಅರ್ಧ ಅಲ್ಲ. ಹೌದು ಯಾಕೆಂದರೆ ಬೋರ್ಡೋ ಸಿಂಪಡಣೆಗೆ ಶಿಸ್ತಿದೆ. ಯಾವ ರೋಗಕ್ಕೆ ಎಂದು ಗೊತ್ತು, ಗೊನೆಗೇ ಹೊಡೆಯುತ್ತೀರಿ, ಯಾವಾಗ ಎಂದು ಗೊತ್ತು, ಎಷ್ಟು ಸಲ ಎಂದು ಗೊತ್ತು. ವರ್ಷವಿಡೀ ದಿನಾ ಹೊಡೆಯುವವರು ಯಾರೂ ಇಲ್ಲ. ಮುಂಜಾಗ್ರತೆಯ ಆ್ಯಂಟಿಬಯೋಟಿಕ್ ಕೆಲಸ ಮಾಡಿರುವ ಕಡೆಯಲ್ಲೆಲ್ಲ ಇದೇ ಶಿಸ್ತು ಇದೆ. ಅಲ್ಲ ಯಾಕೆಂದರೆ ತಾಮ್ರದ ದ್ರಾವಣ ಕೊಳೆಯ ರೋಗಾಣುವನ್ನು ಒಂದೇ ಹೊತ್ತಿಗೆ ಹಲವು ಕಡೆ ಹೊಡೆಯುತ್ತದೆ. ಮೈಸೂರು ಸೀಮೆಯಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗಕ್ಕೆ ಅದನ್ನು ಹೇಳಿಕೊಟ್ಟು ನೂರು ವರ್ಷದ ಮೇಲಾಯಿತು, ಇವತ್ತಿಗೂ ತೋಟದಲ್ಲಿ ಅದು ನಡೆಯುತ್ತಿದೆ. ಆ್ಯಂಟಿಬಯೋಟಿಕ್ ಹಾಗಲ್ಲ. ಪ್ರತಿಯೊಂದೂ ಬ್ಯಾಕ್ಟೀರಿಯಾದ ಒಂದೋ ಎರಡೋ ಜಾಗಕ್ಕೆ ಮಾತ್ರ ಪೆಟ್ಟು ಕೊಡುತ್ತದೆ. ಆ ಜಾಗವನ್ನು ಬದಲಿಸಿಕೊಂಡ ಬ್ಯಾಕ್ಟೀರಿಯಾ ಉಳಿಯುತ್ತದೆ. ಉಳಿದದ್ದಷ್ಟೇ ಅಲ್ಲ, ಆ ವಿದ್ಯೆಯನ್ನು ಪ್ಲಾಸ್ಮಿಡ್ ಎಂಬ ಡಿಎನ್‌ಎ ತುಣುಕಿನ ಮೂಲಕ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಿಸುತ್ತದೆ. ಮೇಲಾಗಿ ನಮ್ಮ ಕರುಳಿನಲ್ಲಿರುವ ಕೋಟಿ ಕೋಟಿ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ನಮ್ಮ ಪರವಾಗಿಯೇ ಇರುವಂಥವು. ಔಷಧ ಅವನ್ನು ಬಿಟ್ಟು ಬರೀ ಶತ್ರುವನ್ನು ಹುಡುಕಿ ಕೊಲ್ಲುವುದಿಲ್ಲ. ಅವು ಸತ್ತು ಖಾಲಿಯಾದ ಜಾಗಕ್ಕೆ ಔಷಧಕ್ಕೆ ಬಗ್ಗದ ಕ್ಲೆಬ್ಸಿಯೆಲ್ಲ, ಕ್ಯಾಂಡಿಡಾ ಶಿಲೀಂಧ್ರ, ಭೇದಿ ತರುವ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಬಂದು ಕೂರುತ್ತವೆ.

ಈಗ ಅಧ್ಯಯನಗಳ ವಿಷಯ.

1980ರ ದಶಕದ ಆರಂಭದಲ್ಲಿ ನೆದರ್ಲೆಂಡ್ಸಿನ ಗ್ರೋನಿಂಗನ್‌ನಲ್ಲಿ ಸ್ಟೌಟನ್‌ಬೇಕ್ ಎಂಬ ವೈದ್ಯರು ಮತ್ತು ಸಂಗಡಿಗರು ಒಂದು ಹೊಸ ಕ್ರಮ ಹೂಡಿದರು. ರೋಗಾಣು ಬಾಯಿ ಮತ್ತು ಕರುಳಿನಿಂದ ಬರುವುದಾದರೆ ಅಲ್ಲೇ ಅದನ್ನು ಕಡಿಮೆ ಮಾಡೋಣ ಎನ್ನುವುದು ಅವರ ಯೋಚನೆ. ಕೊಲಿಸ್ಟಿನ್, ಟೋಬ್ರಮೈಸಿನ್ ಮತ್ತು ಒಂದು ಶಿಲೀಂಧ್ರನಾಶಕವನ್ನು ಸೇರಿಸಿ ಬಾಯಿಯೊಳಗೆ ಪೇಸ್ಟ್ ಹಚ್ಚುವುದು, ಅದನ್ನೇ ದ್ರವವಾಗಿಸಿ ಮೂಗಿನ ನಳಿಕೆಯಿಂದ ಹೊಟ್ಟೆಗೆ ಬಿಡುವುದು, ಮೊದಲ ನಾಲ್ಕು ದಿನ ರಕ್ತನಾಳಕ್ಕೂ ಒಂದು ಆ್ಯಂಟಿಬಯೋಟಿಕ್ ಕೊಡುವುದು. ಅಪಘಾತದಲ್ಲಿ ಗಾಯಗೊಂಡವರಲ್ಲಿ ಸೋಂಕು ಶೇ. 81ರಿಂದ ಶೇ. 16ಕ್ಕೆ ಇಳಿಯಿತು ಎಂದು ಅವರು 1984ರಲ್ಲಿ ಪ್ರಕಟಿಸಿದರು. ಹಳೆಯ ರೋಗಿಗಳ ಜತೆ ಹೋಲಿಸಿದ ಅಧ್ಯಯನ ಅದು, ಅಷ್ಟರಮಟ್ಟಿಗೆ ದುರ್ಬಲ. ಆದರೂ ಜಗತ್ತು ತಿರುಗಿ ನೋಡಿತು.

2009ರಲ್ಲಿ ಡಚ್ಚರು 13 ಐಸಿಯುಗಳ 5,939 ರೋಗಿಗಳ ದೊಡ್ಡ ಅಧ್ಯಯನ ಪ್ರಕಟಿಸಿದರು. ಸಾಮಾನ್ಯ ಆರೈಕೆಯಲ್ಲಿ 28 ದಿನಗಳೊಳಗಿನ ಸಾವು ಶೇ. 27.5, ಈ ಕ್ರಮದಲ್ಲಿ ಶೇ. 26.9. ರೋಗಿಗಳ ತೀವ್ರತೆಯ ವ್ಯತ್ಯಾಸವನ್ನು ಸರಿದೂಗಿಸಿ ನೋಡಿದಾಗ ನೂರು ರೋಗಿಗಳಲ್ಲಿ ಸುಮಾರು ಮೂರೂವರೆಯಷ್ಟು ಸಾವು ಕಡಿಮೆಯಾದಂತೆ ಕಂಡಿತು. 2022ರಲ್ಲಿ ಆಸ್ಟ್ರೇಲಿಯಾದ 19 ಐಸಿಯುಗಳಲ್ಲಿ 5,982 ರೋಗಿಗಳ ಮೇಲೆ ಇನ್ನೊಂದು ಅಧ್ಯಯನ ಬಂತು. ಆಸ್ಪತ್ರೆಯೊಳಗಿನ ಸಾವು ಶೇ. 29.1ರ ಬದಲು ಶೇ. 27. ಆ ವ್ಯತ್ಯಾಸ ಖಚಿತ ಎನ್ನುವಷ್ಟು ಲೆಕ್ಕಶಾಸ್ತ್ರದ ಬಲ ಸಾಲಲಿಲ್ಲ. ಆದರೆ ರಕ್ತದ ಸೋಂಕು ಕಡಿಮೆಯಾಗಿತ್ತು. ಅಲ್ಲಿ ಔಷಧ ಪ್ರತಿರೋಧ ಹೆಚ್ಚಿದ್ದೂ ಕಾಣಲಿಲ್ಲ. ಇದನ್ನು ನಾನು ಮುಚ್ಚಿಡಬಾರದು, ಈ ಕ್ರಮದ ಪರವಾಗಿ ಗಟ್ಟಿ ಮಾತಿದೆ.

ಹಾಗಾದರೆ ನಮ್ಮಲ್ಲಿ ಯಾಕೆ ಬೇಡ? ನೆದರ್ಲೆಂಡ್ಸ್, ಆಸ್ಟ್ರೇಲಿಯಾಗಳು ಔಷಧ ಪ್ರತಿರೋಧ ಬಹಳ ಕಡಿಮೆ ಇರುವ ದೇಶಗಳು. ಪ್ರತಿರೋಧ ಸಾಧಾರಣ ಅಥವಾ ಹೆಚ್ಚು ಇರುವ ಯುರೋಪಿನ ಆರು ದೇಶಗಳ 13 ಐಸಿಯುಗಳಲ್ಲಿ ಬಾಯಿ, ಹೊಟ್ಟೆಗೆ ಕೊಡುವ ಭಾಗವನ್ನಷ್ಟೇ ಪರೀಕ್ಷಿಸಿದಾಗ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದ ಬರುವ ರಕ್ತದ ಸೋಂಕು ಕಡಿಮೆಯಾಗಲಿಲ್ಲ. 2018ರಲ್ಲಿ ಆ ಫಲಿತಾಂಶ ಬಂತು. ಇನ್ನು ನಮ್ಮಲ್ಲಿ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರತಿರೋಧ ಕಣ್ಗಾವಲು ಜಾಲದ ವರದಿಗಳನ್ನು ನೋಡಿ. ಇ. ಕೋಲಿ ಎಂಬ ಬ್ಯಾಕ್ಟೀರಿಯಾಕ್ಕೆ ಇಮಿಪೆನೆಮ್ ಎಂಬ ಮೇಲ್ದರ್ಜೆಯ ಔಷಧ 2017ರಲ್ಲಿ ನೂರಕ್ಕೆ 81 ಸಲ ತಗುಲುತ್ತಿತ್ತು, 2023ರ ಹೊತ್ತಿಗೆ 63ಕ್ಕೆ ಇಳಿಯಿತು. ಕ್ಲೆಬ್ಸಿಯೆಲ್ಲ ವಿಷಯದಲ್ಲಿ ಅರ್ಧಕ್ಕಿಂತ ಹೆಚ್ಚು ಸಲ ಅದು ತಗುಲುವುದೇ ಇಲ್ಲ. ಅಸಿನೆಟೊಬ್ಯಾಕ್ಟರ್ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಸಲ ಆ ಗುಂಪಿನ ಔಷಧಕ್ಕೆ ಬಗ್ಗುವುದಿಲ್ಲ. ಆಗ ನಾವು ಕೈಹಾಕುವ ಕೊನೆಯ ಕೆಲವೇ ಔಷಧಗಳಲ್ಲಿ ಒಂದು ಕೊಲಿಸ್ಟಿನ್. ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ ಎಂದು ಗೊತ್ತಿದ್ದೂ ಬೇರೆ ದಾರಿಯಿಲ್ಲದೆ ಕೊಡುತ್ತೇವೆ. ಕೋಳಿ, ಮೀನು, ಜಾನುವಾರುಗಳ ಮೇವಿನಲ್ಲಿ ಅದನ್ನು ಬಳಸಬಾರದು ಎಂದು ಕೇಂದ್ರ ಸರಕಾರ 2019ರಲ್ಲಿ ನಿಷೇಧ ಹಾಕಿದ್ದು ಇದೇ ಕಾರಣಕ್ಕೆ. ಸಾಯುತ್ತಿರುವವನಿಗಾಗಿ ಉಳಿಸಿಕೊಂಡ ಔಷಧವನ್ನು ಸೋಂಕೇ ಇಲ್ಲದವನ ಬಾಯಿಗೆ ದಿನಾ ಹಚ್ಚುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಪ್ರತಿ ರೋಗಿಯ ಬಾಯಿ, ಗುದದ್ವಾರದ ಮಾದರಿಯನ್ನು ವಾರಕ್ಕೆರಡು ಸಲ ಪರೀಕ್ಷಿಸಿ ನಿಗಾ ಇಡಬಲ್ಲ ಪ್ರಯೋಗಾಲಯ ಇದ್ದ ಕಡೆ ಮಾತು ಬೇರೆ ಇರಬಹುದು. ಅಂಥ ವ್ಯವಸ್ಥೆ ನಮ್ಮ ಬಹುಪಾಲು ಐಸಿಯುಗಳಲ್ಲಿ ಇಲ್ಲ.

ಇನ್ನು ಒಂದೆರಡು ಡೋಸಿನ ಮುಂಜಾಗ್ರತೆ. ನನಗೆ ಭರವಸೆ ಇರುವುದು ಇದರಲ್ಲಿ.

ತಲೆಗೆ ಪೆಟ್ಟು ಬಿದ್ದು ಪ್ರಜ್ಞೆ ತಪ್ಪಿದವನು ರಸ್ತೆಯಲ್ಲಿ ಬಿದ್ದಿದ್ದಾಗಲೇ, ಆಂಬ್ಯುಲೆನ್ಸಿನಲ್ಲೇ, ನಳಿಕೆ ಹಾಕುವ ಮೊದಲೇ ಎಂಜಲು, ವಾಂತಿ ಎದೆಗೆ ಇಳಿದಿರುತ್ತದೆ. ಇಳಿದದ್ದು ಅವನದೇ ಬಾಯಿಯ ಸಾಧಾರಣ ಬ್ಯಾಕ್ಟೀರಿಯಾ. ಇನ್ನೂ ಆಸ್ಪತ್ರೆಯ ರೋಗಾಣು ಬಂದಿಲ್ಲ. ಆ ಹೊತ್ತಿನಲ್ಲಿ ಒಂದು ಡೋಸ್ ಸಾಕಾಗಬಹುದೇ? 1997ರಲ್ಲಿ ಸ್ಪೇನಿನ ವೈದ್ಯರು ಕೋಮಾದಲ್ಲಿದ್ದವರಿಗೆ ಸೆಫುರಾಕ್ಸಿಮ್‌ನ ಎರಡೇ ಡೋಸ್ ಕೊಟ್ಟು ನೋಡಿದಾಗ ನ್ಯುಮೋನಿಯಾ ಶೇ. 50ರಿಂದ ಶೇ. 24ಕ್ಕೆ ಇಳಿದಿತ್ತು. ಅದು ಚಿಕ್ಕ ಅಧ್ಯಯನ. 2024ರಲ್ಲಿ ಫ್ರಾನ್ಸಿನಿಂದ ಗಟ್ಟಿ ಉತ್ತರ ಬಂತು. ಮಿದುಳಿಗೆ ತೀವ್ರ ಪೆಟ್ಟಾಗಿ ವೆಂಟಿಲೇಟರ್ ಮೇಲಿದ್ದವರಿಗೆ ನಳಿಕೆ ಹಾಕಿದ 12 ಗಂಟೆಯೊಳಗೆ ಸೆಫ್ಟ್ರಿಯಾಕ್ಸೋನ್ 2 ಗ್ರಾಮ್, ಒಂದೇ ಒಂದು ಸಲ. ಕೊಡದವರಲ್ಲಿ ಮೊದಲ ದಿನಗಳ ನ್ಯುಮೋನಿಯಾ ಶೇ. 32, ಕೊಟ್ಟವರಲ್ಲಿ ಶೇ. 14. ಸೆಫ್ಟ್ರಿಯಾಕ್ಸೋನ್ ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲೂ ಸಿಗುವ, ಬೆಲೆ ಕಡಿಮೆಯಿರುವ ಔಷಧ. ಹೃದಯ ನಿಂತು ಮತ್ತೆ ಚಾಲೂ ಆಗಿ, ದೇಹ ತಂಪು ಮಾಡಿ ಇಟ್ಟವರಲ್ಲೂ ಹೀಗೆಯೇ. 2019ರ ಫ್ರೆಂಚ್ ಅಧ್ಯಯನದಲ್ಲಿ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಎರಡು ದಿನ ಕೊಟ್ಟಾಗ ಆರಂಭದ ನ್ಯುಮೋನಿಯಾ ಶೇ. 34ರಿಂದ ಶೇ. 19ಕ್ಕೆ ಇಳಿಯಿತು. ಆದರೆ ತಡವಾಗಿ ಬರುವ ನ್ಯುಮೋನಿಯಾ ಕಡಿಮೆಯಾಗಲಿಲ್ಲ. ಸಾವಿನ ಸಂಖ್ಯೆಯೂ ಬದಲಾಗಲಿಲ್ಲ. ನಾನು ಆಗಲೇ ಹೇಳಿದ ವ್ಯತ್ಯಾಸ ಇಲ್ಲಿ ಕೆಲಸಕ್ಕೆ ಬಂತು ನೋಡಿ. ಮನೆಯಿಂದ ತಂದ ರೋಗಾಣುವಿಗೆ ಮಾತ್ರ ಈ ಪೆಟ್ಟು. ಐದನೆಯ ದಿನವೂ ಅದೇ ಔಷಧ ಮುಂದುವರಿಸಿದರೆ ಅದು ಹೊಡೆಯಬೇಕಾದ ಶತ್ರು ಅಲ್ಲಿಲ್ಲ. ಇರುವುದು ಅದಕ್ಕೆ ಬಗ್ಗದ ಶತ್ರು ಮಾತ್ರ.

ಹೊಸದಾಗಿ ಇನ್ನೊಂದು ದಾರಿಯೂ ತೆರೆದಿದೆ. ಮೂರು ದಿನ ವೆಂಟಿಲೇಟರ್ ಮೇಲೆ ಕಳೆದವರಿಗೆ ಅಮಿಕಾಸಿನ್ ಔಷಧವನ್ನು ಮಂಜಿನಂತೆ ಮಾಡಿ ನೇರ ಶ್ವಾಸಕೋಶಕ್ಕೆ ದಿನಕ್ಕೊಮ್ಮೆ, ಮೂರು ದಿನ ಮಾತ್ರ ಕೊಟ್ಟಾಗ 28 ದಿನಗಳೊಳಗಿನ ನ್ಯುಮೋನಿಯಾ ಶೇ. 22ರಿಂದ ಶೇ. 15ಕ್ಕೆ ಇಳಿದ ವರದಿ 2023ರಲ್ಲಿ ಬಂದಿದೆ. ಸುಮಾರು 850 ರೋಗಿಗಳ ಅಧ್ಯಯನ. ಇದರ ಬಗ್ಗೆ ನನಗೆ ಕುತೂಹಲವಿದೆ. ನಮ್ಮ ರೋಗಾಣುಗಳ ನಡುವೆ ಅದು ಹೇಗೆ ನಡೆದೀತು ಎಂದು ಇಲ್ಲೇ ಅಧ್ಯಯನ ಆಗಬೇಕು.

ಎಲ್ಲ ಕಡೆ ಹೀಗೆ ಶುಭವಾರ್ತೆ ಇಲ್ಲ. ಪಾರ್ಶ್ವವಾಯು ಆದವರಿಗೆ, ವೆಂಟಿಲೇಟರ್ ಅಗತ್ಯ ಬೀಳದ ಸಾಮಾನ್ಯ ಪಾರ್ಶ್ವವಾಯು ರೋಗಿಗಳಿಗೆ, ಇದೇ ಸೆಫ್ಟ್ರಿಯಾಕ್ಸೋನನ್ನು ನಾಲ್ಕು ದಿನ ಕೊಟ್ಟು ನೋಡಿದ 2,550 ಜನರ ಡಚ್ ಅಧ್ಯಯನ 2015ರಲ್ಲಿ ಬಂತು. ಅವರ ಚೇತರಿಕೆ ಕಿಂಚಿತ್ತೂ ಉತ್ತಮವಾಗಲಿಲ್ಲ. ಕುಡಿತದಿಂದ ಮೇದೋಜೀರಕ ಗ್ರಂಥಿ ಊದಿಕೊಂಡು ತೀವ್ರ ಸ್ಥಿತಿಗೆ ಹೋದವರಿಗೆ ಮುಂಜಾಗ್ರತೆಯ ಆ್ಯಂಟಿಬಯೋಟಿಕ್ ಬೇಡ ಎಂದು ಮಾರ್ಗಸೂಚಿಗಳು ಹೇಳುತ್ತವೆ. ಆದರೆ ಅದೇ ಕುಡಿತದಿಂದ ಯಕೃತ್ತು ಕೆಟ್ಟು ರಕ್ತ ವಾಂತಿ ಮಾಡಿಕೊಂಡವರಿಗೆ ಬೇಕು. ಅಲ್ಲಿ ಅದು ಸಾವನ್ನೇ ಕಡಿಮೆ ಮಾಡುತ್ತದೆ, ಹೆಚ್ಚೆಂದರೆ ಏಳು ದಿನ. ಹೃದಯ, ಶ್ವಾಸಕೋಶ ಎರಡರ ಕೆಲಸವನ್ನೂ ಹೊರಗಿನಿಂದ ಮಾಡುವ ಎಕ್ಮೊ ಯಂತ್ರಕ್ಕೆ ಹಾಕಿದ್ದೇವೆ ಎಂಬ ಕಾರಣಕ್ಕೇ ಆ್ಯಂಟಿಬಯೋಟಿಕ್ ಕೊಡಬೇಕು ಎನ್ನಲು ಆಧಾರವಿಲ್ಲ. ಒಂದೇ ವಾರ್ಡಿನಲ್ಲಿ ಅಕ್ಕಪಕ್ಕ ಮಲಗಿದ ಇಬ್ಬರಿಗೆ ಉತ್ತರ ಬೇರೆ ಬೇರೆ. "ಅವರಿಗೆ ಕೊಟ್ಟರು, ನಮ್ಮವರಿಗೆ ಯಾಕೆ ಕೊಡಲಿಲ್ಲ" ಎಂದು ಮನೆಯವರು ನೊಂದುಕೊಳ್ಳುವುದನ್ನು ನೋಡಿದ್ದೇನೆ. ದಯವಿಟ್ಟು ನೊಂದುಕೊಳ್ಳಬೇಡಿ, ಕಾರಣ ಕೇಳಿ. ಕಾರಣ ಹೇಳುವುದು ನಮ್ಮ ಕರ್ತವ್ಯ.

ಒಂದು ಮಾತನ್ನು ಇಲ್ಲಿ ಗಟ್ಟಿಯಾಗಿ ಹೇಳಬೇಕು, ಇಲ್ಲದಿದ್ದರೆ ನನ್ನ ಮಾತಿಗೆ ತಪ್ಪು ಅರ್ಥ ಬಂದೀತು. ಸೋಂಕು ನಿಜವಾಗಿ ಬಂದು, ರಕ್ತದೊತ್ತಡ ಕುಸಿದು, ನಂಜಿನ ಆಘಾತಕ್ಕೆ ಹೋದವರಿಗೆ ಆ್ಯಂಟಿಬಯೋಟಿಕ್ ಒಂದು ಗಂಟೆಯೊಳಗೆ ಬೀಳಬೇಕು. ಅಲ್ಲಿ ಹಿಂದೆಮುಂದೆ ನೋಡಬಾರದು, ದೊಡ್ಡ ಔಷಧವೇ ಬೇಕಾದರೆ ದೊಡ್ಡ ಔಷಧವೇ. ನಾನು ಇವತ್ತು ಬೇಡ ಎನ್ನುತ್ತಿರುವುದು ಸೋಂಕೇ ಇಲ್ಲದಾಗ ಸಮಾಧಾನಕ್ಕಾಗಿ ಕೊಡುವುದನ್ನು.

ಆ ಸಮಾಧಾನದ ಬೆಲೆ ಎಲ್ಲಿ ಕಟ್ಟುತ್ತೇವೆ ಎನ್ನುವುದು ಕಣ್ಣಿಗೆ ಬೀಳುವುದಿಲ್ಲ. ಮೊದಲ ದಿನ ಇಮಿಪೆನೆಮ್ ಗುಂಪಿನದೇ ಆದ ಮೆರೊಪೆನೆಮ್ ಶುರುವಾಗುತ್ತದೆ, ಸೋಂಕಿನ ಗುರುತಿಲ್ಲ, ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯಲ್ಲಿ ಏನೂ ಬೆಳೆದಿಲ್ಲ. ಮೂರನೆಯ ದಿನ ನಿಲ್ಲಿಸಬಹುದು. ಆದರೆ ರೋಗಿ ಸುಧಾರಿಸುತ್ತಿದ್ದರೆ "ಔಷಧ ಕೆಲಸ ಮಾಡುತ್ತಿದೆ, ನಿಲ್ಲಿಸುವುದು ಬೇಡ" ಎನಿಸುತ್ತದೆ. ಸುಧಾರಿಸದಿದ್ದರೆ "ಈಗ ನಿಲ್ಲಿಸುವುದು ಹೇಗೆ" ಎನಿಸುತ್ತದೆ. ಎರಡೂ ದಾರಿ ಹತ್ತನೆಯ ದಿನಕ್ಕೆ ಹೋಗಿ ಮುಟ್ಟುತ್ತವೆ. ಹತ್ತನೆಯ ದಿನ ಜ್ವರ ಬಂದಾಗ ಬೆಳೆಯುವ ರೋಗಾಣುವಿಗೆ ಮೆರೊಪೆನೆಮ್ ತಗುಲುವುದಿಲ್ಲ. ನಿಲ್ಲಿಸುವ ಧೈರ್ಯಕ್ಕೂ ಆಧಾರಗಳಿವೆ. ನ್ಯುಮೋನಿಯಾ ಖಚಿತವಾಗಿ ಬಂದವರಲ್ಲೇ 15 ದಿನದ ಬದಲು 8 ದಿನದ ಔಷಧ ಸಾಕು ಎಂದು ಫ್ರಾನ್ಸಿನ 51 ಐಸಿಯುಗಳ ಅಧ್ಯಯನ 2003ರಲ್ಲೇ ತೋರಿಸಿತು. ರಕ್ತದ ಸೋಂಕಿಗೆ 14 ದಿನದ ಜಾಗದಲ್ಲಿ 7 ದಿನ ಸಾಕು ಎಂದು 3,608 ರೋಗಿಗಳ ಅಧ್ಯಯನ 2024ರಲ್ಲಿ ಹೇಳಿತು. ಬಂದ ರೋಗಕ್ಕೇ ಇಷ್ಟು ಸಾಕು ಎಂದಾದರೆ ಬಾರದ ರೋಗಕ್ಕೆ ಹತ್ತು ದಿನ ಯಾಕೆ?

ಹಾಗಾದರೆ ವೆಂಟಿಲೇಟರ್ ಮೇಲಿರುವವರನ್ನು ಕಾಯುವುದು ಯಾವುದು? ಇದನ್ನು ಹೇಳುವಾಗ ಕೆಲವರ ಮುಖದಲ್ಲಿ ನಿರಾಸೆ ಕಾಣುತ್ತದೆ, ಏಕೆಂದರೆ ಇದಕ್ಕೆ ದುಬಾರಿ ಬಿಲ್ ಇಲ್ಲ. ಹಲ್ಲುಜ್ಜುವುದು. ಹೌದು, ಪ್ರಜ್ಞೆಯಿಲ್ಲದೆ ಮಲಗಿದವರಿಗೆ ಬ್ರಷ್ ಹಿಡಿದು ದಿನಕ್ಕೆರಡು ಸಲ ಹಲ್ಲುಜ್ಜುವುದು. 15 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯೊಂದು 2023ರ ಕೊನೆಯಲ್ಲಿ ಪ್ರಕಟವಾಯಿತು. ಹಲ್ಲುಜ್ಜಿದವರಲ್ಲಿ ಆಸ್ಪತ್ರೆಯ ನ್ಯುಮೋನಿಯಾ ಮೂರನೆಯ ಒಂದು ಪಾಲು ಕಡಿಮೆ, ಐಸಿಯು ಸಾವೂ ಕಡಿಮೆ. ವರ್ಷಗಟ್ಟಲೆ ನಾವು ಬಾಯಿಗೆ ಬಳಿಯುತ್ತಿದ್ದ ಕ್ಲೋರ್‌ಹೆಕ್ಸಿಡಿನ್ ದ್ರಾವಣವನ್ನು ಈಗ ಮಾರ್ಗಸೂಚಿಗಳೇ ಕೈಬಿಡಲು ಹೇಳಿವೆ. ತಲೆಯ ಕಡೆ ಹಾಸಿಗೆಯನ್ನು 30ರಿಂದ 45 ಡಿಗ್ರಿ ಎತ್ತುವುದು. 1999ರ ಒಂದು ಅಧ್ಯಯನದಲ್ಲಿ ಅಂಗಾತ ಮಲಗಿಸಿದವರಲ್ಲಿ ಖಚಿತ ನ್ಯುಮೋನಿಯಾ ಶೇ. 23 ಇದ್ದದ್ದು ತಲೆ ಎತ್ತರಿಸಿದವರಲ್ಲಿ ಶೇ. 5 ಇತ್ತು. ಕಫ್‌ನ ಒತ್ತಡವನ್ನು 20ರಿಂದ 30 ಸೆಂಟಿಮೀಟರ್ ನೀರಿನಷ್ಟು ಇರುವಂತೆ ಅಳೆದು ಕಾಯುವುದು. ನಿದ್ರೆಯ ಔಷಧವನ್ನು ದಿನಾ ಒಮ್ಮೆ ನಿಲ್ಲಿಸಿ, ಎಚ್ಚರಗೊಳಿಸಿ, ತಾನೇ ಉಸಿರಾಡಬಲ್ಲನೇ ನೋಡುವುದು. ನಳಿಕೆ ಒಂದು ದಿನ ಮುಂಚೆ ಹೊರಬಂದರೆ ಅದಕ್ಕಿಂತ ದೊಡ್ಡ ಮುಂಜಾಗ್ರತೆ ಬೇರೆ ಇಲ್ಲ. ಮತ್ತೆ ಕೈ ತೊಳೆಯುವುದು. ಅಸಿನೆಟೊಬ್ಯಾಕ್ಟರ್ ಹಾಸಿಗೆಯ ಕಂಬಿ, ಮಾನಿಟರ್ ಗುಂಡಿಗಳ ಮೇಲೆ ದಿನಗಟ್ಟಲೆ ಬದುಕಿರುತ್ತದೆ. ಅಲ್ಲಿಂದ ಮುಂದಿನ ಹಾಸಿಗೆಗೆ ಅದನ್ನು ಹೊತ್ತೊಯ್ಯುವುದು ನಮ್ಮ ಕೈಗಳೇ.

ಇದನ್ನೆಲ್ಲ ಮಾಡುವವರು ನರ್ಸುಗಳು. ಇಬ್ಬರು ವೆಂಟಿಲೇಟರ್ ರೋಗಿಗಳಿಗೆ ಒಬ್ಬರು ನರ್ಸ್ ಇದ್ದರೆ ಹಲ್ಲುಜ್ಜಲು ಪುರುಸೊತ್ತು ಇರುತ್ತದೆ. ಐದು ಜನಕ್ಕೆ ಒಬ್ಬರಿದ್ದರೆ ಇರುವುದಿಲ್ಲ, ಆಗ ಆ ಕೊರತೆಯನ್ನು ಆ್ಯಂಟಿಬಯೋಟಿಕ್‌ನಿಂದ ತುಂಬುವ ಪ್ರಯತ್ನ ನಡೆಯುತ್ತದೆ. ನಮ್ಮ ಜಿಲ್ಲೆಗೆ ಸುಸಜ್ಜಿತ ಆಸ್ಪತ್ರೆ ಬೇಕು ಎಂದು 2022ರಲ್ಲಿ ಜನ ದನಿ ಎತ್ತಿದ್ದು ನಿಮಗೆಲ್ಲ ನೆನಪಿದೆ. ಹೊನ್ನಾವರದಿಂದ ರೋಗಿಯನ್ನು ಹೊತ್ತು ಹೊರಟ ಆಂಬ್ಯುಲೆನ್ಸ್ ಶಿರೂರು ಟೋಲ್‌ನಲ್ಲಿ ಮಗುಚಿದ ನೋವಿನ ನಂತರ ಅದು ಇನ್ನೂ ಗಟ್ಟಿಯಾಯಿತು. ಆ ಬೇಡಿಕೆಯ ಪಟ್ಟಿಯಲ್ಲಿ ಕಟ್ಟಡ, ಯಂತ್ರ, ತಜ್ಞರ ಜತೆಗೆ ಸಾಕಷ್ಟು ಐಸಿಯು ನರ್ಸುಗಳು ಮತ್ತು ಹಗಲಿರುಳು ನಡೆಯುವ ಕಲ್ಚರ್ ಪ್ರಯೋಗಾಲಯವೂ ಇರಲಿ ಎಂದು ನಾನು ಕೇಳಿಕೊಳ್ಳುತ್ತೇನೆ.

ಸಭಿಕರ ಪ್ರಶ್ನೆಗಳಲ್ಲಿ ಕೆಲವು:

"ಇಲಿಜ್ವರ ಬಾರದ ಹಾಗೆ ಡಾಕ್ಸಿಸೈಕ್ಲಿನ್ ಮಾತ್ರೆ ಕೊಡುತ್ತಾರಲ್ಲ, ಅದೂ ತಪ್ಪೇ?" ಎಂದು ಆಶಾ ಕಾರ್ಯಕರ್ತೆಯೊಬ್ಬರು ಕೇಳಿದರು. ತಪ್ಪಲ್ಲ. ನೆರೆ ನೀರಿನಲ್ಲಿ, ಕೆಸರಿನಲ್ಲಿ ಇಳಿಯಲೇಬೇಕಾದ ದೊಡ್ಡವರಿಗೆ ವಾರಕ್ಕೊಮ್ಮೆ 200 ಮಿಲಿಗ್ರಾಮ್, ಅಪಾಯ ಇರುವ ಅವಧಿಗೆ ಮಾತ್ರ. ರೋಗ ಯಾವುದೆಂದು ಗೊತ್ತು, ಯಾರಿಗೆಂದು ಗೊತ್ತು, ಅವಧಿ ಗೊತ್ತು. ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ ಬೇಡ. ಮಳೆಗಾಲ ಶುರುವಾಯಿತೆಂದು ಊರಿಗೆಲ್ಲ ಹಂಚುವುದೂ ಬೇಡ.

ಸಿದ್ದಾಪುರದ ಕಡೆಯವರೊಬ್ಬರು ಮಂಗನ ಕಾಯಿಲೆಯ ಬಗ್ಗೆ ಕೇಳಿದರು. ಅದು ವೈರಸ್, ಆ್ಯಂಟಿಬಯೋಟಿಕ್ ಅದನ್ನು ಮುಟ್ಟುವುದಿಲ್ಲ. ಜ್ವರ ಬಂದ ಕೂಡಲೇ ಮೆಡಿಕಲ್ ಶಾಪಿಗೆ ಹೋಗಿ ಸೆಫಿಕ್ಸಿಮ್ ನುಂಗಿದರೆ ಆಗುವುದಿಷ್ಟೇ: ಮುಂದೆ ಎಂದಾದರೂ ಐಸಿಯುಗೆ ಬರಬೇಕಾಗಿ ಬಂದರೆ ಕರುಳಿನಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಹೊತ್ತುಕೊಂಡೇ ಬರುತ್ತೀರಿ. ಸೆಫಿಕ್ಸಿಮ್‌ನಂಥ ಔಷಧಗಳು 2014ರಿಂದ ಎಚ್1 ಪಟ್ಟಿಯಲ್ಲಿವೆ. ಚೀಟಿ ಇಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು.

ಹಾವು ಕಚ್ಚಿದವರಿಗೆ ಆ್ಯಂಟಿಬಯೋಟಿಕ್ ಬೇಕೇ ಎಂದರು ಇನ್ನೊಬ್ಬರು. ಬೇಕಾದದ್ದು ಪ್ರತಿವಿಷ, ಧನುರ್ವಾಯು ಚುಚ್ಚುಮದ್ದು, ಉಸಿರಾಟದ ಮೇಲೆ ಕಣ್ಣು. ಗಾಯ ಕೀವಾದರೆ, ಯಾರಾದರೂ ಬ್ಲೇಡಿನಿಂದ ಕೊಯ್ದಿದ್ದರೆ ಮಾತ್ರ ಆ್ಯಂಟಿಬಯೋಟಿಕ್.

ಕೊನೆಯ ಪ್ರಶ್ನೆ ಕುಮಟಾದಿಂದ ಬಂದಿದ್ದ ಯುವ ವೈದ್ಯರದು: "ನಮ್ಮಲ್ಲಿಂದ ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವಾಕ್ಕೋ ಕಳಿಸುವಾಗ ನಾವು ಏನು ಮಾಡಿದರೆ ನಿಮಗೆ ಅನುಕೂಲ?" ಬಹಳ ಒಳ್ಳೆಯ ಪ್ರಶ್ನೆ. ಕೊಟ್ಟ ಪ್ರತಿ ಆ್ಯಂಟಿಬಯೋಟಿಕ್‌ನ ಹೆಸರು, ಪ್ರಮಾಣ, ಕೊಟ್ಟ ಗಂಟೆ, ಯಾವ ಕಾರಣಕ್ಕೆ ಎನ್ನುವುದನ್ನು ರೆಫರಲ್ ಚೀಟಿಯಲ್ಲಿ ಬರೆಯಿರಿ. ಮುಂಜಾಗ್ರತೆಗೆ ಕೊಟ್ಟದ್ದಾದರೆ "ಮುಂಜಾಗ್ರತೆ, ಒಂದೇ ಡೋಸ್" ಎಂದೇ ಬರೆಯಿರಿ, ಇಲ್ಲದಿದ್ದರೆ ಮುಂದಿನ ಆಸ್ಪತ್ರೆಯವರು ಸೋಂಕಿದೆ ಎಂದು ತಿಳಿದು ಅದನ್ನೇ ಮುಂದುವರಿಸುತ್ತಾರೆ. ಸೋಂಕಿನ ಅನುಮಾನದಿಂದ ಕೊಡುವುದಾದರೆ, ಕೊಡುವ ಮೊದಲು ರಕ್ತದ ಕಲ್ಚರ್ ಬಾಟಲಿ ತುಂಬಿ ರೋಗಿಯ ಜತೆಗೇ ಕಳಿಸಿ. ಬಾಟಲಿಯನ್ನು ಫ್ರಿಜ್ಜಿನಲ್ಲಿಡಬೇಡಿ, ಐಸ್ ಪೆಟ್ಟಿಗೆಯಲ್ಲೂ ಬೇಡ. ಬೆನ್ನುಮೂಳೆಗೆ ಪೆಟ್ಟಿಲ್ಲ ಎಂದು ಖಚಿತವಾಗಿದ್ದರೆ ದೇವಿಮನೆ ಘಟ್ಟವಿರಲಿ ಅರಬೈಲು ಘಟ್ಟವಿರಲಿ, ದಾರಿಯುದ್ದಕ್ಕೂ ಸ್ಟ್ರೆಚರಿನ ತಲೆಯ ಭಾಗ ಎತ್ತಿಯೇ ಇರಲಿ. ಕಳಿಸಿದ ಮೇಲೆ ಕಲ್ಚರ್ ರಿಪೋರ್ಟ್ ಏನು ಬಂತೆಂದು ಮೂರನೆಯ ದಿನ ಆ ಐಸಿಯುಗೆ ಒಂದು ಫೋನ್ ಮಾಡಿ ಕೇಳಿ. ಆ ಹೊತ್ತಿಗೆ ಬಾಟಲಿಯಲ್ಲಿ ಏನಾದರೂ ಬೆಳೆದಿದೆಯೇ ಎನ್ನುವುದು ಹೆಚ್ಚಾಗಿ ತಿಳಿದಿರುತ್ತದೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ರೋಗಾಣು ಯಾವ ಔಷಧಕ್ಕೆ ಬಗ್ಗುತ್ತದೆ ಎಂಬ ನಿಮ್ಮದೇ ಪಟ್ಟಿ ಅಲ್ಲಿಂದ ಶುರುವಾಗುತ್ತದೆ.